ನರೆಗೆ ಕಪ್ಪು: ಕಬ್ಬಿಣದ ಪಾತ್ರೆಯ ಸಾಕ್ಷ್ಯ

ನರೆಯನ್ನು ಮರೆಸುವ ಹಂಬಲ ಬಹು ಹಳೆಯದು. ಆರನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯ ಗಂಧಯುಕ್ತಿ ಪ್ರಕರಣವನ್ನು ತೊಡಗುವುದೇ ಇದರಿಂದ: ತಲೆ ನರೆತವನಿಗೆ ಮಾಲೆ, ಗಂಧ, ಒಡವೆಗಳು ಒಪ್ಪವಂತೆ! ಹಾರಕದಕ್ಕಿಯನ್ನು ಕಬ್ಬಿಣದ ಪಾತ್ರೆಯಲ್ಲಿ ಹುಳಿಯೊಡನೆ ಬೇಯಿಸಿ, ಕಬ್ಬಿಣದ ಪುಡಿ ಸೇರಿಸಿ ನುಣ್ಣಗೆ ಅರೆದು ಹಚ್ಚಿ, ಹಸಿಯೆಲೆ ಸುತ್ತಿ ಎರಡು ಜಾವ ಇರಬೇಕು. ಅನಂತರ ಅಷ್ಟೇ ಹೊತ್ತು ನೆಲ್ಲಿಕಾಯಿಯ ಲೇಪ.

ನಮ್ಮ ಕಾಸರಗೋಡಿನ ಮನೆಗಳಲ್ಲಿ ಮದರಂಗಿ, ನೆಲ್ಲಿಪುಡಿಗಳನ್ನು ಕಬ್ಬಿಣದ ಬಾಣಲೆಯಲ್ಲಿ ರಾತ್ರಿ ನೆನೆಯಿಡುವ ಕ್ರಮವೂ ಇದಕ್ಕೆ ದೂರದ್ದಲ್ಲ. ಹೊಗಳಿಕೆಯೆಲ್ಲ ಸೊಪ್ಪಿಗೆ, ಬಾಣಲೆಯನ್ನು ನೆನೆಯುವವರು ಕಡಿಮೆ. ಮದರಂಗಿಯೊಂದೇ ಆದರೆ ಬರುವುದು ಕೆಂಪು; ನೆಲ್ಲಿಯ ಒಗರು ಕಬ್ಬಿಣದೊಡನೆ ಕೂಡಿದಾಗ ಕಪ್ಪು. ಅಳಲೆಕಾಯಿಯ ಹಳೆಯ ಶಾಯಿಯ ಮರ್ಮವೂ ಇದೇ. ಇಂದು ‘ಕಪ್ಪು ಮದರಂಗಿ’ಯೆಂದು ಮಾರುವ ಅನೇಕ ಪುಡಿಗಳಿಗೆ ಕಪ್ಪು ಬರುವುದು ಪಿಪಿಡಿ ಎಂಬ ರಾಸಾಯನಿಕದಿಂದ, ಅದರಿಂದ ಕೆಲವರ ಚರ್ಮ ಬೊಬ್ಬೆಯೇಳುವುದುಂಟು.