ಗರಗಸದಿಂದ ಕಂಪ್ಯೂಟರ್‌ವರೆಗೆ: ನಮ್ಮ ಕೊಡಗಿನ ಮರಗೆಲಸ

ನಮ್ಮ ಸಂಘದ ಬೆಳ್ಳಿಹಬ್ಬದ ಸಂಚಿಕೆಯೆಂದರೆ ಕಾಫಿ, ಭತ್ತ, ಕರಿಮೆಣಸು, ಗೊಬ್ಬರ, ಸಾಲ ವಸೂಲಿ ಇವುಗಳ ಮಾತು ಬಂದೇ ಬರುತ್ತದೆ. ಮರಗೆಲಸದ ಮಾತು ಬರುವುದು ಅಪರೂಪ. ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಸಿ.ಎನ್.ಸಿ. ರೂಟರ್ ಯಂತ್ರಕ್ಕೆ ಸಂಘದಿಂದ ಸಾಲ ಸಿಗಬಹುದೇ ಅಂತ ಕೆಲವು ಯುವಕ ಸದಸ್ಯರು ಕೇಳುತ್ತಿದ್ದಾರೆ. "ಹಾಗಾದರೆ ಆಚಾರಿಗಳ ಹೊಟ್ಟೆಪಾಡು ಏನಾಗಬೇಕು?" ಅಂತ ಹಿರಿಯರ ಪ್ರಶ್ನೆ. ಎರಡೂ ನ್ಯಾಯವಾದ ಮಾತುಗಳೇ. ಆದ್ದರಿಂದ ಹಿಂದಿನದನ್ನು ಸ್ವಲ್ಪ ನೋಡೋಣ.

ಹಳೆಯ ಐನ್‌ಮನೆಗೆ ಹೋದವರು ಕೈಯಾಲೆಯ ಕೆತ್ತನೆ ಕಂಬಗಳನ್ನೂ, ಕಂಬಗಳ ನಡುವಿನ ಐಮರವನ್ನೂ ನೋಡಿಯೇ ಇರುತ್ತಾರೆ. ದೊಡ್ಡ ವೀರರಾಜೇಂದ್ರ 1790ರ ದಶಕದಲ್ಲಿ ಕಕ್ಕಬ್ಬೆ ಬಳಿ ಕಟ್ಟಿಸಿದ ನಾಲ್ಕುನಾಡು ಅರಮನೆಯಲ್ಲೂ ಮರದ ಕೆಲಸವೇ ಕಣ್ಣಿಗೆ ಹೊಡೆಯುವುದು. ಇವೆಲ್ಲ ಬಾಚಿ, ಉಳಿ, ಕೊಡತಿಗಳಿಂದ ಆದದ್ದು. ಹಲಗೆ ಕೊಯ್ಯಬೇಕಾದರೆ ದಿಮ್ಮಿಯನ್ನು ಗುಂಡಿಯ ಮೇಲೆ ಇಟ್ಟು, ಮೇಲೊಬ್ಬ ಕೆಳಗೊಬ್ಬ ನಿಂತು ಉದ್ದ ಗರಗಸ ಎಳೆಯಬೇಕಿತ್ತು. ಕೆಳಗಿನವನ ಕಣ್ಣು, ಬಾಯಿ ಎಲ್ಲಾ ಹುಡಿಯೇ! ಆಮೇಲೆ ಸಾಮಿಲ್ಲು ಬಂತು, ಗರಗಸದವರು ಹೋದರು. ಆಗ ಅವರಿಗಾಗಿ ಮರುಗಿದವರು ಎಷ್ಟು ಮಂದಿಯೋ ಕಾಣೆವು.

ಆಮೇಲಿನ ದೊಡ್ಡ ತಿರುವು 1996ರ ಡಿಸೆಂಬರ್ 12ರದ್ದು. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಆದೇಶದಿಂದ ಕೇಂದ್ರದ ಅನುಮತಿಯಿಲ್ಲದೆ ಕಾಡಿನೊಳಗೆ ಸಾಮಿಲ್ಲು ನಡೆಸುವಂತಿಲ್ಲ, ಕಾರ್ಯಯೋಜನೆಯಿಲ್ಲದೆ ಮರ ಕಡಿಯುವಂತಿಲ್ಲ ಎಂದಾಯಿತು. ಬೀಟೆ, ತೇಗಗಳ ಕಥೆ, ಜಮ್ಮಾ ಬಾಣೆಯ ಮರದ ಹಕ್ಕಿನ ತಕರಾರು ಸದಸ್ಯರಿಗೆ ಹೇಳಿಕೊಡಬೇಕಾಗಿಲ್ಲ. ತೋಟದಲ್ಲಿ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್ ಮಾತ್ರ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಕಡಿಯುವ ಅನುಮತಿಯಿಂದ ವಿನಾಯಿತಿ ಪಡೆದ ಮರಗಳ ಪಟ್ಟಿಯಲ್ಲಿದೆ. ಅದನ್ನು ದಿಮ್ಮಿಯಾಗಿ ಲಾರಿ ಹತ್ತಿಸಿ ಕಳಿಸುವುದಕ್ಕೂ ಇಲ್ಲೇ ಸಾಮಾನು ಮಾಡಿ ಮಾರುವುದಕ್ಕೂ ಬಹಳ ಅಂತರವಿದೆ. ಯಂತ್ರದ ಮಾತು ಹುಟ್ಟಿದ್ದೇ ಇಲ್ಲಿಂದ.

ಈ ಯಂತ್ರದ ಮೂಲ ಮರಗೆಲಸವಲ್ಲ, ವಿಮಾನ. ಅಮೆರಿಕದಲ್ಲಿ ಜಾನ್ ಪಾರ್ಸನ್ಸ್ ಎಂಬಾತನ ಆಲೋಚನೆಯಿಂದ ಆರಂಭವಾಗಿ, ಅಲ್ಲಿಯ ವಾಯುಪಡೆಯ ಹಣದಿಂದ, ಎಂ.ಐ.ಟಿ. ಸಂಸ್ಥೆಯವರು 1952ರಲ್ಲಿ ಅಂಕಿಗಳ ಆಜ್ಞೆಯಿಂದ ಲೋಹ ಕೊರೆಯುವ ಯಂತ್ರವನ್ನು ತೋರಿಸಿದರು. ಆಗ ಆಜ್ಞೆ ಕೊಡುತ್ತಿದ್ದದ್ದು ತೂತು ಹೊಡೆದ ಕಾಗದದ ಪಟ್ಟಿ. ಕ್ರಮೇಣ ಆ ಜಾಗಕ್ಕೆ ಕಂಪ್ಯೂಟರ್ ಬಂತು. 2005ರಲ್ಲಿ ಇಟಲಿಯಲ್ಲಿ ಹುಟ್ಟಿದ ಆರ್ಡುಯಿನೊ ಎಂಬ ಅಗ್ಗದ ಬೋರ್ಡಿನಿಂದಾಗಿ ಮೇಜಿನ ಮೇಲೆ ಕೂರುವಂಥ ಸಣ್ಣ ಯಂತ್ರಗಳೂ ಸಾಧ್ಯವಾದವು.

ಕೆಲಸದ ಕ್ರಮ ಹೀಗೆ. ಕಂಪ್ಯೂಟರಿನಲ್ಲಿ ಚಿತ್ರ ಬರೆಯಬೇಕು. ಕೊರೆಯುವ ಬಿಟ್ ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಆಳ ಇಳಿಯಬೇಕು ಅಂತ ಇನ್ನೊಂದು ಪ್ರೋಗ್ರಾಂ ಲೆಕ್ಕ ಹಾಕಿ ಅಂಕಿಗಳ ಸಾಲು ಮಾಡಿಕೊಡುತ್ತದೆ. ಯಂತ್ರವು ಎಡಬಲ, ಹಿಂದುಮುಂದು, ಮೇಲೆಕೆಳಗೆ ಚಲಿಸಿ ಅದರಂತೆ ಕೊರೆಯುತ್ತದೆ. ಹೊಸಬರು ಮೊದಲು ಸಿಲ್ವರ್ ಓಕ್ ತುಂಡಿನ ಮೇಲೆ ಕೈ ಪಳಗಿಸಿಕೊಳ್ಳುವುದು ಮೇಲು. ಮೇಜು ಹಾಳಾಗದಂತೆ ಅಡಿಗೊಂದು ಬೇಡದ ಹಲಗೆ ಹಾಕಿ, ಮರವನ್ನು ಅಲುಗಾಡದಂತೆ ಬಿಗಿಯಬೇಕು. 6 ಮಿ.ಮೀ. ಬಿಟ್ ಆದರೆ ಒಂದು ಸಲಕ್ಕೆ 3 ಮಿ.ಮೀ. ಆಳ ಸಾಕು. ನಿಧಾನವಾಗಿ ಓಡಿಸಿದರೆ ಕ್ಷೇಮ ಅಂತ ಹಲವರು ತಿಳಿಯುತ್ತಾರೆ, ಅದು ಹಾಗಲ್ಲ. ಎರಡು ಅಲಗಿನ ಬಿಟ್ ನಿಮಿಷಕ್ಕೆ 18,000 ಸುತ್ತು ತಿರುಗುವಾಗ, ಪ್ರತಿ ಅಲಗೂ 0.1 ಮಿ.ಮೀ. ಸಿಪ್ಪೆ ತೆಗೆಯಬೇಕಾದರೆ ಯಂತ್ರ ನಿಮಿಷಕ್ಕೆ 3,600 ಮಿ.ಮೀ. ಮುಂದೆ ಹೋಗಬೇಕು. ತೀರಾ ನಿಧಾನವಾದರೆ ಬಿಟ್ ಕೊಯ್ಯುವುದಿಲ್ಲ, ಬರೀ ಉಜ್ಜುತ್ತದೆ. ಮರ ಕಪ್ಪಾಗಿ ಸುಟ್ಟ ವಾಸನೆ ಬರುತ್ತದೆ, ಬಿಟ್ಟೂ ಮೊಂಡಾಗುತ್ತದೆ.

ನಮ್ಮ ಊರಿಗೆ ಇನ್ನೆರಡು ತೊಡಕುಗಳಿವೆ. ಒಂದು ಮಳೆ. ಜೂನ್, ಜುಲೈ ತಿಂಗಳ ತಂಡಿಗೆ ಮರ ನೀರು ಎಳೆದುಕೊಂಡು ಉಬ್ಬುತ್ತದೆ. ಆಗ ಅಳತೆಗೆ ಸರಿಯಾಗಿ ಕೊರೆದ ಬಾಗಿಲು ಬೇಸಿಗೆಯಲ್ಲಿ ಸಂದು ಬಿಡುತ್ತದೆ. ಹದವಾಗಿ ಒಣಗದ ಮರಕ್ಕೆ ಯಾವ ಕಂಪ್ಯೂಟರೂ ಬುದ್ಧಿ ಹೇಳಲಾರದು. ಎರಡನೆಯದು ಕರೆಂಟು. ನಡುವೆ ಕರೆಂಟು ಹೋಯ್ತೆಂದರೆ ಯಂತ್ರ ತಾನೆಲ್ಲಿದ್ದೆ ಎಂಬುದನ್ನೇ ಮರೆತುಬಿಡಬಹುದು. ಎಂಟು ಗಂಟೆಯ ಕೆತ್ತನೆ ಸೌದೆಗೆ ಹೋದೀತು. ಹುಡಿಯ ವಿಷಯವಂತೂ ತಮಾಷೆಯಲ್ಲ. ಮರದ ಹುಡಿಯಿಂದ ಮನುಷ್ಯರಿಗೆ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1995ರಲ್ಲೇ ಪ್ರಕಟಿಸಿದೆ. ಹುಡಿ ಎಳೆಯುವ ಸಾಧನವನ್ನೂ ಸಾಲದ ಅಂದಾಜಿನಲ್ಲೇ ಸೇರಿಸಬೇಕು.

ಇನ್ನು ಆಚಾರಿಗಳ ಪ್ರಶ್ನೆ. ಬಿಟ್ ದುಂಡಗಿರುವುದರಿಂದ ಚೌಕ ತೂತಿನ ಒಳಮೂಲೆ ದುಂಡಗೇ ಉಳಿಯುತ್ತದೆ. ಅದನ್ನು ಉಳಿಯಿಂದಲೇ ಬಿಡಿಸಬೇಕು. ಯಾವ ಹಲಗೆ ಬಾಗುತ್ತದೆ, ಎಳೆ ಯಾವ ಕಡೆ ಓಡಿದೆ, ಎಲ್ಲಿ ಗಂಟು ಸಿಡಿಯುತ್ತದೆ ಅಂತ ನೋಡಿ ಹೇಳುವ ಕಣ್ಣೂ ಅವರದ್ದೇ. ಆದರೆ ಒಂದೇ ಹೂಬಳ್ಳಿಯನ್ನು ಇಪ್ಪತ್ತು ಸಲ ಕೆತ್ತುವ ಕೂಲಿ ಅವರ ಕೈಬಿಡುವುದು ಖಂಡಿತ. ಅದನ್ನು ಮುಚ್ಚಿಟ್ಟು ಫಲವಿಲ್ಲ. ಆದಕಾರಣ ಸಾಲವೆಂದಾದರೆ ಆಚಾರಿ ಮನೆಯ ಹುಡುಗರಿಗೇ ಮೊದಲು ಸಿಗಬೇಕೆಂಬುದು ನಮ್ಮ ಅಭಿಪ್ರಾಯ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಇಂಥ ಯಂತ್ರಗಳ ತರಬೇತಿ ಕೇಂದ್ರವಿದೆ. ಯಂತ್ರ ತರುವ ಮೊದಲು ಇಬ್ಬರನ್ನಾದರೂ ಅಲ್ಲಿಗೆ ಕಳಿಸಿ, ಅವರು ಕಲಿತು ಬಂದು ಏನು ಹೇಳುತ್ತಾರೆಂದು ಕೇಳಿದ ಮೇಲೆ ಮಹಾಸಭೆಯಲ್ಲಿ ಸಾಲದ ಮಾತು ಎತ್ತಬಹುದು.