ಹನ್ನೆರಡು ವರ್ಷದ ಲೆಕ್ಕ: ಮಲೆನಾಡಿನ ಮಳೆ ಓದಿದವರ ಕಥೆ

ಪಿಯುಸಿ ಮುಗಿಸಿದ ಮಲೆನಾಡಿನ ಹುಡುಗಿಯೊಬ್ಬಳು ಮನೇಲಿ "ನಾನು ಹವಾಮಾನ ವಿಜ್ಞಾನ ಓದ್ತೀನಿ" ಅಂದ್ಲು ಅಂತಿಟ್ಕೊಳ್ಳಿ. "ಮಳೆ ಬಗ್ಗೆ ಓದೋಕೆ ಯೂನಿವರ್ಸಿಟಿ ಯಾಕೆ ಮಾರಾಯ್ತಿ, ಅಂಗಳಕ್ಕೆ ಬಂದು ನಿಂತ್ಕೋ ಸಾಕು" ಅಂತಾರೆ. ನಗು ಬರುತ್ತೆ, ನಿಜ. ಆದ್ರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಮಳೆ, ಬೆಳೆಯನ್ನ ಲೆಕ್ಕ ಇಟ್ಟು ಓದೋ ಕೆಲಸ ಇವತ್ತಿನದಲ್ಲ. ಈ ಎಪಿಸೋಡ್ ಆ ಲೆಕ್ಕದ ಕಥೆ.

ಮೊದಲು 17ನೇ ಶತಮಾನಕ್ಕೆ ಹೋಗೋಣ. ಕೆಳದಿ ಅರಸರ ಮೊದಲ ರಾಜಧಾನಿ ಕೆಳದಿ, ಆಮೇಲೆ ಇಕ್ಕೇರಿ, ಎರಡೂ ಇವತ್ತಿನ ಸಾಗರ ತಾಲ್ಲೂಕಲ್ಲಿವೆ. ಕೊನೆಗೆ ಬಿದನೂರು, ಅಂದ್ರೆ ಹೊಸನಗರ ತಾಲ್ಲೂಕಿನ ನಗರ. ಅಲ್ಲಿಂದ ಆಳಿದ ಶಿವಪ್ಪ ನಾಯಕನ ಹೆಸರು ಇವತ್ತಿಗೂ ಉಳಿದಿರೋದು ಕೋಟೆಯಿಂದ ಮಾತ್ರ ಅಲ್ಲ, 'ಶಿಸ್ತು' ಅನ್ನೋ ಕಂದಾಯ ಪದ್ಧತಿಯಿಂದ. ಹಳೆಯ ಮೈಸೂರು ಗೆಜೆಟಿಯರ್ ಹೇಳೋ ಪ್ರಕಾರ, ಪ್ರತಿ ಹಳ್ಳಿಯಲ್ಲೂ ಒಂದೊಂದು ಬಗೆಯ ನೆಲಕ್ಕೆ ಒಂದೊಂದು ಗದ್ದೆಯನ್ನ ಸರ್ಕಾರದ ಲೆಕ್ಕದಲ್ಲೇ 12 ವರ್ಷ ಸಾಗುವಳಿ ಮಾಡಿಸಿದ್ರು. ಬಿತ್ತಿದ ಬೀಜ ಎಷ್ಟು, ಖರ್ಚೆಷ್ಟು, ಬಂದ ಬೆಳೆ ಎಷ್ಟು, ಅದರ ಬೆಲೆ ಎಷ್ಟು, ಎಲ್ಲ ಬರೆದಿಟ್ಟು, ಸರಾಸರಿ ತೆಗೆದು, ಆಮೇಲೆ ತೆರಿಗೆ ಕಟ್ಟಿದ್ರು.

ನಾನು ಬಿ.ಕಾಂ. ಓದಿರೋದ್ರಿಂದ ಈ ಭಾಗ ಓದಿದಾಗ ತಲೆಗೆ ಹತ್ತಿದ್ದು ಒಂದೇ: ಯಾಕೆ 12 ವರ್ಷ? ಒಂದು ವರ್ಷದ ಬೆಳೆ ನೋಡಿದ್ರೆ ಸಾಕಾಗ್ತಿರಲಿಲ್ವಾ? ಸಾಕಾಗಲ್ಲ. ಒಂದು ವರ್ಷ ಮಳೆ ಸುರಿಯುತ್ತೆ, ಇನ್ನೊಂದು ವರ್ಷ ಕೈಕೊಡುತ್ತೆ. ನೆಲದ ನಿಜವಾದ ಗುಣ ಗೊತ್ತಾಗೋದು ಬಹಳ ವರ್ಷದ ಸರಾಸರಿಯಲ್ಲಿ. ಇವತ್ತು ಹವಾಮಾನ ವಿಜ್ಞಾನದ ಮೊದಲ ಪಾಠವೂ ಇದೇ. ಇವತ್ತಿನ ಮಳೆ ಬೇರೆ, ಒಂದು ಊರಿನ ಹವಾಮಾನ ಬೇರೆ. ಅದನ್ನ ಸಾಮಾನ್ಯವಾಗಿ 30 ವರ್ಷದ ದಾಖಲೆ ಇಟ್ಟು ಅಳೀತಾರೆ. ಶಿವಪ್ಪ ನಾಯಕ ಹವಾಮಾನ ವಿಜ್ಞಾನಿ ಆಗಿರಲಿಲ್ಲ, ಅವನಿಗೆ ಬೇಕಾಗಿದ್ದು ಕಂದಾಯ. ಆದ್ರೆ ಲೆಕ್ಕದ ದಾರಿ ಅದೇ.

ಈಗ 1908ಕ್ಕೆ ಬನ್ನಿ. ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದ್ರು. ಮಲೆನಾಡಿನ ಅಡಿಕೆ ತೋಟಗಳನ್ನ ಆಗ ಹಿಂಡ್ತಿದ್ದದ್ದು ಕೊಳೆರೋಗ. ಬೆಳೆಗಾರರು ಕೊನೆಗೆ ಕೊಟ್ಟೆ ಕಟ್ಟಿ ಕಾಯಿಯನ್ನ ಮಳೆಯಿಂದ ಕಾಪಾಡ್ತಿದ್ರು. ಕೋಲ್ಮನ್ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನ ಗುರುತಿಸಿ 1910ರಲ್ಲಿ ವರದಿ ಪ್ರಕಟಿಸಿದ್ರು, ಬೋರ್ಡೋ ದ್ರಾವಣ ಹೊಡೆಯೋದನ್ನ ಹೇಳಿಕೊಟ್ರು. ಮೈಲುತುತ್ತ, ಸುಣ್ಣ, ನೀರು. ಇವತ್ತಿಗೂ ನಮ್ಮ ಕಡೆ 'ಮದ್ದು ಹೊಡೆಯೋದು' ಅಂದ್ರೆ ಅದೇ ಮದ್ದು.

ಆದ್ರೆ ಆ ಮದ್ದಿಗೊಂದು ಟೈಮ್‌ಟೇಬಲ್ ಇದೆ. ಮುಂಗಾರು ಹಿಡಿಯೋಕೆ ಮುಂಚೆ ಒಂದು ಸಲ, ಸುಮಾರು 40–45 ದಿನ ಬಿಟ್ಟು ಇನ್ನೊಂದು ಸಲ. ಆ ಎರಡನೇ ಮದ್ದಿಗೆ ಮಳೆ ಸ್ವಲ್ಪ ಹೊಳವು ಕೊಡಬೇಕು. ಕೊಡದೇ ಇದ್ರೆ ಕೊನೆಗಾರರು ಮರ ಹತ್ತೋ ಹಾಗಿಲ್ಲ, ಹೊಡೆದ ಮದ್ದು ನಿಲ್ಲೋದೂ ಇಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ. ಹೊಸನಗರದ ಹುಲಿಕಲ್ ಅದಕ್ಕೇ ಪೈಪೋಟಿ. ಇಲ್ಲಿ ಎಷ್ಟು ಮಳೆ ಬಂತು ಅನ್ನೋದಕ್ಕಿಂತ ಯಾವಾಗ ಬಂತು, ಎಷ್ಟು ದಿನ ಬಿಡುವು ಕೊಡ್ತು ಅನ್ನೋದ್ರ ಮೇಲೆ ಮನೆಯ ವರ್ಷದ ದುಡ್ಡು ನಿಂತಿದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದ್ರೆ ಅದು ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿದಿಡಬಲ್ಲದು. ಹಾಗಾಗಿ ಸುರಿಯೋವಾಗ ಒಮ್ಮೆಲೇ ಜೋರಾಗಿ ಸುರಿಯೋ ಸಾಧ್ಯತೆ ಜಾಸ್ತಿ. ಅಂದ್ರೆ ಹಳೇ ಸರಾಸರಿಯೇ ಜಾಗ ಬದಲಾಯಿಸ್ತಿದೆ.

ಇದನ್ನ ಓದೋದೆಲ್ಲಿ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಲೋಚನಾ ಗಾಡ್ಗೀಳ್ ಅವರಂಥವರು ಮುಂಗಾರು ಅಧ್ಯಯನ ಕಟ್ಟಿ ಬೆಳೆಸಿದ್ರು. ಶೇಂಗಾ ಬಿತ್ತೋಕೆ ಸರಿಯಾದ ಸಮಯ ಯಾವುದು ಅಂತ ಅವರು ರೈತರ ಜೊತೆ ಕೂತು ಕೆಲಸ ಮಾಡಿದ್ದೂ ಇದೆ. ಹತ್ತಿರದ್ದು ಬೇಕಾ? 2012ರಲ್ಲಿ ಶುರುವಾದ ನಮ್ಮ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಮುಖ್ಯ ಕ್ಯಾಂಪಸ್ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೇ ಇದೆ. ಅದಕ್ಕೆ ಇಟ್ಟಿರೋ ಹೆಸರು ಯಾರದ್ದು ಗೊತ್ತಾ? ಕೆಳದಿ ಶಿವಪ್ಪ ನಾಯಕ! ಬಿಎಸ್ಸಿ ಕೃಷಿ ಪದವಿಗೆ ಐಸಿಎಆರ್‌ನ ಐದನೇ ಡೀನ್ಸ್ ಸಮಿತಿ ಮಾಡಿದ ಪಠ್ಯದಲ್ಲಿ ಕೃಷಿ ಹವಾಮಾನದ ಜೊತೆ ಹವಾಮಾನ ಬದಲಾವಣೆಯೂ ಒಂದು ಪಾಠವಾಗಿ ಸೇರಿತ್ತು.

ಈಗ ಈ ಮೂರೂ ತಾಲ್ಲೂಕಿನ ಅಡಿಕೆ ಬೆಳೆಗಾರರ ನಿದ್ದೆ ಕೆಡಿಸಿರೋದು ಎಲೆಚುಕ್ಕಿ ರೋಗ. "ಎಲ್ಲಾ ಹವಾಮಾನ ಬದಲಾವಣೆಯಿಂದ" ಅಂತ ಒಂದೇ ಮಾತಲ್ಲಿ ಹೇಳಿಬಿಡೋದು ಸುಲಭ, ಆದ್ರೆ ಅದು ವಿಜ್ಞಾನ ಅಲ್ಲ. ಎಲೆ ಎಷ್ಟು ಹೊತ್ತು ಒದ್ದೆ ಇತ್ತು, ಬಿಸಿಲು ಎಷ್ಟು ದಿನ ಬಂತು, ರೋಗ ಯಾವ ವಾರ ಕಾಣಿಸ್ತು, ಇದನ್ನ ವರ್ಷಗಟ್ಟಲೆ ಬರೆದಿಟ್ಟವರು ಬೇಕು. ಮಲೆನಾಡಿನ ಮಕ್ಕಳು ಹವಾಮಾನ ವಿಜ್ಞಾನ ಓದಬೇಕು ಅಂತ ನಾನು ಹೇಳೋದು ಇದಕ್ಕೇ. ಮಾದರಿ ಲೆಕ್ಕ ಕಂಪ್ಯೂಟರ್ ಮಾಡುತ್ತೆ. ಆದ್ರೆ ಆರಿದ್ರಾ ಮಳೇಲಿ ತೋಟದಲ್ಲಿ ಏನಾಗುತ್ತೆ ಅನ್ನೋದು ಆ ತೋಟದಲ್ಲಿ ಬೆಳೆದವರಿಗೆ ಗೊತ್ತು.

ಕೊನೇಲಿ ಒಂದು ಕೆಲಸ. ನಿಮ್ಮನೆ ಅಟ್ಟದಲ್ಲಿ ಅಜ್ಜ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕವೋ, ಮದ್ದು ಹೊಡೆದ ತಾರೀಖು ಇರೋ ಡೈರಿಯೋ ಇದ್ರೆ ರದ್ದಿಗೆ ಹಾಕಬೇಡಿ. ಪುಟಪುಟಾನೂ ಮೊಬೈಲಲ್ಲಿ ಫೋಟೋ ತೆಗೆದಿಡಿ. 12 ವರ್ಷದ್ದಿದ್ರೂ ಸಾಕು, ಅದಕ್ಕೊಂದು ಬೆಲೆ ಇದೆ. ಮುಂದಿನ ವಾರ ಸಿಗೋಣ.