ಹಾನ್ಸನ ಗೊರಸು, ಕೋಲೆ ಬಸವನ ತಲೆ: ಅರಿಯದೆ ಕೊಡುವ ಸನ್ನೆಗಳ ಕುರಿತು

1904ರ ಸೆಪ್ಟೆಂಬರಿನಲ್ಲಿ ಬರ್ಲಿನ್ ನಗರದ 13 ಮಂದಿಯ ಸಮಿತಿಯೊಂದು ಒಂದು ಕುದುರೆಯನ್ನು ಪರೀಕ್ಷಿಸಿ ತನ್ನ ತೀರ್ಮಾನವನ್ನು ಪ್ರಕಟಿಸಿತು. ಮನೋವಿಜ್ಞಾನದ ಪ್ರಾಧ್ಯಾಪಕ ಕಾರ್ಲ್ ಸ್ಟುಂಪ್, ಮೃಗಾಲಯದ ನಿರ್ದೇಶಕ, ಪಶುವೈದ್ಯ, ಸರ್ಕಸ್ ಕಂಪನಿಯ ಮಾಲೀಕ ಇವರೆಲ್ಲ ಅದರಲ್ಲಿದ್ದರು. ಕುದುರೆಯ ಹೆಸರು ಹಾನ್ಸ್; ಒಡೆಯ ವಿಲ್ಹೆಲ್ಮ್ ಫಾನ್ ಓಸ್ಟೆನ್, ನಿವೃತ್ತ ಗಣಿತದ ಮೇಷ್ಟ್ರು. ಕೂಡುವ, ಕಳೆಯುವ ಲೆಕ್ಕ, ಭಿನ್ನರಾಶಿ, ತಿಂಗಳ ತಾರೀಖು ಏನು ಕೇಳಿದರೂ ಹಾನ್ಸ್ ಬಲ ಮುಂಗಾಲಿನ ಗೊರಸಿನಿಂದ ನೆಲ ಕುಟ್ಟಿ ಉತ್ತರ ಹೇಳುತ್ತಿತ್ತು. ಅಕ್ಷರಗಳಿಗೂ ಸಂಖ್ಯೆ ಗೊತ್ತುಮಾಡಿದ್ದರಿಂದ ಪದಗಳನ್ನೂ ಬಿಡಿಸಿ ಹೇಳುತ್ತಿತ್ತು. ಒಡೆಯ ಯಾರಿಂದಲೂ ಕಾಸು ಪಡೆಯುತ್ತಿರಲಿಲ್ಲ. ಅವನು ಊರಲ್ಲಿಲ್ಲದಾಗಲೂ, ಬೇರೆಯವರು ಕೇಳಿದರೂ, ಕುದುರೆ ಸರಿಯಾಗಿಯೇ ಹೇಳುತ್ತಿತ್ತು. ಇಲ್ಲಿ ಮೋಸವಿಲ್ಲ, ಬೇಕೆಂದು ಕೊಡುವ ಸನ್ನೆಗಳಿಲ್ಲ ಎಂದು ಸಮಿತಿ ಹೇಳಿತು.

ಅಚ್ಚರಿಯೆಂದರೆ ಸಮಿತಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದು ಹುಡುಕಿದ್ದು ಕಳ್ಳನನ್ನು. ಕಳ್ಳ ಸಿಗಲಿಲ್ಲವಾದ್ದರಿಂದ ಕುದುರೆಗೆ ಲೆಕ್ಕ ಬರುತ್ತದೆಂದು ಪತ್ರಿಕೆಗಳೂ ಜನರೂ ನಂಬಿದರು. ಸಂದೇಹವಾದದ ಚರಿತ್ರೆಯಲ್ಲಿ ಈ ಪ್ರಕರಣಕ್ಕಿರುವ ಮಹತ್ವ ಇಲ್ಲಿಯದು ಎಂಬುದು ಈ ಲೇಖನದ ವಾದ: ಪ್ರಾಮಾಣಿಕತೆಯನ್ನು ಪರೀಕ್ಷಿಸುವುದೇ ಬೇರೆ, ಹೇಳಿಕೆಯನ್ನು ಪರೀಕ್ಷಿಸುವುದೇ ಬೇರೆ.

ಎರಡನೆಯದನ್ನು ಮಾಡಿದವನು ಸ್ಟುಂಪ್ ಅವರ ಶಿಷ್ಯ ಆಸ್ಕರ್ ಫುಂಗ್ಸ್ಟ್. ಅವನ ಮೊದಲ ಉಪಾಯ ತೀರಾ ಸರಳ. ಸಂಖ್ಯೆ ಬರೆದ ಕಾರ್ಡನ್ನು ಕುದುರೆಗೆ ತೋರಿಸುವುದು. ಒಂದು ಸಲ ಕೇಳುವವನೂ ಅದನ್ನು ನೋಡಿರಬೇಕು, ಇನ್ನೊಂದು ಸಲ ನೋಡಿರಬಾರದು. ಕೇಳುವವನಿಗೆ ಉತ್ತರ ಗೊತ್ತಿದ್ದಾಗ ಹಾನ್ಸ್ ಹೇಳಿದ್ದರಲ್ಲಿ ಶೇ. 98 ಸರಿ, ಗೊತ್ತಿಲ್ಲದಿದ್ದಾಗ ಶೇ. 8. ಆಮೇಲೆ ಕುದುರೆಯ ಕಣ್ಣುಗಳ ಪಕ್ಕಕ್ಕೆ ಮರೆಪಟ್ಟಿ ಕಟ್ಟಿದ. ಕೇಳುವವನು ಕಾಣುತ್ತಿದ್ದಾಗ ಶೇ. 89, ಕಾಣದಿದ್ದಾಗ ಶೇ. 6. ಪಾಪದ ಪ್ರಾಣಿ ಕತ್ತು ತಿರುಗಿಸಿ ಮನುಷ್ಯನನ್ನು ನೋಡಲು ಹಗ್ಗ ಜಗ್ಗಾಡುತ್ತಿತ್ತು.

ಉಳಿದದ್ದು ಮನುಷ್ಯನನ್ನೇ ದಿಟ್ಟಿಸುವ ಕೆಲಸ. ಪ್ರಶ್ನೆ ಕೇಳಿದವನು ಗೊರಸು ನೋಡಲೆಂದು ತುಸು ಮುಂದಕ್ಕೆ ಬಾಗುತ್ತಾನೆ, ಕುದುರೆ ಕುಟ್ಟತೊಡಗುತ್ತದೆ. ಎಣಿಕೆ ಸರಿಯುತ್ತರದ ಹತ್ತಿರ ಬಂದಂತೆ ಅವನ ಮೈ ಬಿಗಿಯಾಗುತ್ತದೆ. ಸರಿಯುತ್ತರ ಬಂದ ಕ್ಷಣ ಬಿಗಿ ಸಡಿಲಿ ತಲೆ ಕೂದಲೆಳೆಯಷ್ಟು ಮೇಲಕ್ಕೇಳುತ್ತದೆ, ಕುದುರೆ ನಿಲ್ಲಿಸುತ್ತದೆ. ಲೆಕ್ಕ ಮಾಡಿದ್ದು ಮನುಷ್ಯ, ಕುದುರೆ ಓದಿದ್ದು ಅವನ ಮೈಯನ್ನು. ಫುಂಗ್ಸ್ಟ್ ಅಲ್ಲಿಗೇ ಬಿಡದೆ ಪ್ರಯೋಗಾಲಯದಲ್ಲಿ ತಾನೇ ಕುದುರೆಯಾದ. ಎದುರಿಗಿದ್ದವರು ಮನಸ್ಸಿನಲ್ಲೇ ಒಂದು ಸಂಖ್ಯೆ ನೆನೆಯಬೇಕು, ಇವನು ಕೈಯಿಂದ ಕುಟ್ಟುತ್ತ ಅವರ ತಲೆಯ ಅಲುಗಾಟ ನೋಡಿ ನಿಲ್ಲಿಸಬೇಕು. 25 ಜನರಲ್ಲಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಸನ್ನೆ ಕೊಟ್ಟರು, ಅದೂ ತಮಗೇ ತಿಳಿಯದೆ. ವಿಷಯ ತಿಳಿದ ಮೇಲೂ ಹಾನ್ಸನ ಮುಂದೆ ತನ್ನ ಸನ್ನೆಯನ್ನು ತಡೆಯಲು ಸ್ವತಃ ಫುಂಗ್ಸ್ಟನಿಗೇ ಆಗಲಿಲ್ಲ. 1907ರಲ್ಲಿ ಅವನ ಪುಸ್ತಕ ಹೊರಬಂತು. ಮೇಷ್ಟ್ರು ಒಪ್ಪಲಿಲ್ಲ, 1909ರಲ್ಲಿ ತೀರಿಕೊಂಡರು.

ಕನ್ನಡದ ಓದುಗರಿಗೆ ಇದೆಲ್ಲ ಎಲ್ಲೋ ನೋಡಿದಂತಿದೆ ಅನ್ನಿಸಿದರೆ ಅದು ಸಹಜವೇ. ಮೈಮೇಲೆ ಬಣ್ಣದ ಜೂಲು, ಕೊರಳಲ್ಲಿ ಗೆಜ್ಜೆ, ಕೋಡಿಗೆ ಅಣಸು ತೊಟ್ಟ ಕೋಲೆ ಬಸವ ಮನೆ ಬಾಗಿಲಿಗೆ ಬಂದು, "ಈ ತಾಯಿಗೆ ಒಳ್ಳೇದಾಗ್ತದಾ ಬಸವಣ್ಣ?" ಎಂದು ಕೇಳಿದರೆ ಗೋಣು ಆಡಿಸುವುದನ್ನು ಮೂರು ತಲೆಮಾರು ನೋಡಿದೆ. ಮೂಗುದಾರದ ಎಳೆತ, ಕೋಲಿನ ಸೂಚನೆ, ದನಿಯ ಏರಿಳಿತ ಇವುಗಳಲ್ಲಿ ಎತ್ತು ಪಳಗಿದೆ ಎಂಬುದು ಬಸವನನ್ನು ಆಡಿಸುವವನಿಗೂ ಗೊತ್ತು, ಮೊರದಲ್ಲಿ ಅಕ್ಕಿ ತರುವ ಗೃಹಿಣಿಗೂ ಗೊತ್ತು. ಕೇಳಿದ್ದಕ್ಕೆಲ್ಲ ಹೂಂ ಅನ್ನುವವನನ್ನು ಕೋಲೆ ಬಸವ ಎಂದು ಆಡಿಕೊಳ್ಳುವ ಭಾಷೆಗೆ ಫುಂಗ್ಸ್ಟನ ಪಾಠ ತೀರಾ ಹೊಸದಲ್ಲ. ಬಸವನನ್ನು ಆಡಿಸುವ ಸಮುದಾಯದ ಕಲೆಯನ್ನು ಮೂಢನಂಬಿಕೆಯ ಪಟ್ಟಿಗೆ ಸೇರಿಸುವ ನಮ್ಮ ಕೆಲವು ವಿಚಾರವಾದಿಗಳ ಅವಸರ ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಸನ್ನೆ ಕೊಡುವವನಿಗೆ ತಾನು ಕೊಡುತ್ತಿದ್ದೇನೆಂಬ ಅರಿವಿದೆ. ಅಪಾಯ ಇರುವುದು ಆ ಅರಿವು ಇಲ್ಲದ ಕಡೆ.

ಅಂಥ ಕಡೆಗಳು ಬಹಳ, ಮತ್ತು ಬಹುಪಾಲು ವಿಜ್ಞಾನದ ಒಳಗೇ ಇವೆ. ರಾಬರ್ಟ್ ರೊಸೆಂಥಾಲ್ 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚುರುಕಿನ ತಳಿ ಎಂದು ಹೇಳಿ ಕೊಟ್ಟ ಮಾಮೂಲಿ ಇಲಿಗಳೂ ವಿದ್ಯಾರ್ಥಿಗಳ ಕೈಯಲ್ಲಿ ಚುರುಕಾಗಿ ಕಲಿತವು. 2011ರ ಕ್ಯಾಲಿಫೋರ್ನಿಯಾದ ಅಧ್ಯಯನವೊಂದರಲ್ಲಿ 18 ಪತ್ತೆನಾಯಿಗಳನ್ನು ಮಾದಕವಸ್ತು, ಸ್ಫೋಟಕ ಯಾವುದನ್ನೂ ಬಚ್ಚಿಡದ ಕೋಣೆಗಳಿಗೆ ಬಿಟ್ಟರು. ಇಲ್ಲಿ ಮಾಲಿದೆ ಎಂದು ನಾಯಿ ಹಿಡಿದವರು ನಂಬಿದ್ದ ಜಾಗಗಳಲ್ಲಿ 'ಪತ್ತೆ'ಗಳು ಹೆಚ್ಚಾದವು.

ಎಲ್ಲಕ್ಕಿಂತ ನೋವಿನದು ಮಾತು ಬಾರದ ಆಟಿಸಂ ಮಕ್ಕಳ ವಿಷಯ. ಆಸ್ಟ್ರೇಲಿಯಾದಲ್ಲಿ ರೋಸ್‌ಮೇರಿ ಕ್ರಾಸ್ಲಿ ಆರಂಭಿಸಿದ ಪದ್ಧತಿಯೊಂದನ್ನು 1990ರ ಹೊತ್ತಿಗೆ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಡಗ್ಲಸ್ ಬಿಕ್ಲನ್ ಅಮೆರಿಕದಲ್ಲಿ ಹಬ್ಬಿಸಿದರು. ಸಹಾಯಕಿ ಮಗುವಿನ ಕೈ ಹಿಡಿದರೆ ಮಗು ಅಕ್ಷರಗಳನ್ನು ಒತ್ತುತ್ತದೆ. ಒಂದು ಪದವನ್ನೂ ಆಡದ ಮಗು ಪೂರ್ತಿ ವಾಕ್ಯ ಬರೆಯುತ್ತದೆ, ಅಮ್ಮನನ್ನು ಪ್ರೀತಿಸುತ್ತೇನೆ ಅನ್ನುತ್ತದೆ. ತಾಯಂದಿರು ಅದನ್ನು ಓದಿ ಅತ್ತಿದ್ದರಲ್ಲಿ ಆಶ್ಚರ್ಯವೇನು? ಆದರೆ ಅದೇ ಬೆರಳು ತಂದೆಯ ಮೇಲೆ ಲೈಂಗಿಕ ದೌರ್ಜನ್ಯದ ಆರೋಪವನ್ನೂ ಬರೆಯತೊಡಗಿ, ಮಕ್ಕಳನ್ನು ಮನೆಯಿಂದ ದೂರ ಮಾಡಿದ ಪ್ರಕರಣಗಳು ನ್ಯಾಯಾಲಯ ಮುಟ್ಟಿದವು. 1993ರಲ್ಲಿ ಪ್ರಕಟವಾದ ನ್ಯೂಯಾರ್ಕ್ ರಾಜ್ಯದ ಒ. ಡಿ. ಹೆಕ್ ಕೇಂದ್ರದ ಪರೀಕ್ಷೆಯಲ್ಲಿ 12 ಮಂದಿ ಆಟಿಸಂ ಉಳ್ಳವರು, 9 ಮಂದಿ ಸಹಾಯಕರು ಇದ್ದರು. ಇಬ್ಬರಿಗೂ ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ ಬೇರೆ ಬೇರೆ ಚಿತ್ರ ತೋರಿಸಿದರು. ಹಾಗೆ ತೋರಿಸಿದಾಗ ಆಟಿಸಂ ಉಳ್ಳವರು ನೋಡಿದ ಚಿತ್ರದ ಹೆಸರು ಒಮ್ಮೆಯೂ ಬರಲಿಲ್ಲ. ಸಹಾಯಕರು ನೋಡಿದ್ದು ಬಂತು. ಸಹಾಯಕರಲ್ಲಿ ಕೆಲವರು ಕುಸಿದುಹೋದರು. ಯಾರೂ ಸುಳ್ಳು ಹೇಳಿರಲಿಲ್ಲ ಎಂಬುದೇ ಇದರ ದುರಂತ. ಅಮೆರಿಕದ ಮನೋವಿಜ್ಞಾನಿಗಳ ಸಂಘ 1994ರಲ್ಲಿ ಈ ಪದ್ಧತಿಗೆ ವೈಜ್ಞಾನಿಕ ಆಧಾರವಿಲ್ಲವೆಂದು ನಿರ್ಣಯಿಸಿತು.

ನಮ್ಮ ಭಾಷಾ ಸಂಶೋಧನೆಯೂ ಈ ಅರಿಯದ ಸನ್ನೆಗಳಿಂದ ಹೊರಗಿಲ್ಲ. ಕ್ಷೇತ್ರಕಾರ್ಯಕ್ಕೆ ಹೋದವರು "ನಿಮ್ಮ ಕಡೆ ಇದಕ್ಕೆ ಹೀಗೇ ಅಂತಾರಲ್ವಾ?" ಎಂದು ಕೇಳಿದರೆ, ಚಾವಡಿಯಲ್ಲಿ ಕೂತ ಹಿರಿಯರು "ಹೂಂ ಕಣಪ್ಪ" ಅನ್ನದೆ ಇನ್ನೇನು ಅಂದಾರು? ಕೇಳುವ ಧಾಟಿಯಲ್ಲೇ ಉತ್ತರ ಅಡಗಿದೆ; ದೂರದಿಂದ ಬಂದ ಓದಿದವರ ಮಾತನ್ನು ಅಲ್ಲಗಳೆಯಲು ಸಂಕೋಚ ಬೇರೆ. ಒಂದೇ ಪ್ರಶ್ನೆಯನ್ನು, ಏನು ಸಾಧಿಸಹೊರಟಿದ್ದೇವೆಂದು ತಿಳಿಯದ ಇನ್ನೊಬ್ಬರಿಂದ ಕೇಳಿಸಿ ಉತ್ತರ ಹೋಲಿಸುವ ಕ್ರಮವನ್ನು ಪ್ರಬಂಧಗಳು ಪಾಲಿಸಿದರೆ, ಈಗ ತೀರ್ಮಾನಗಳಂತೆ ಕಾಣುವ ಎಷ್ಟೋ ಸಂಗತಿಗಳು ಊಹೆಯ ಜಾಗಕ್ಕೆ ಇಳಿಯುತ್ತವೆ. ಇಳಿಯಲಿ.

ಮತ್ತೆ ಆಟಿಸಂ ಮಕ್ಕಳ ವಿಷಯಕ್ಕೆ ಬಂದರೆ, ಕೈ ಹಿಡಿಯದೆ, ಸಹಾಯಕರು ಅಕ್ಷರದ ಹಲಗೆಯನ್ನಷ್ಟೇ ಮಗುವಿನ ಮುಂದೆ ಎತ್ತಿ ಹಿಡಿಯುವ ವಿಧಾನವೂ ಪ್ರಚಾರದಲ್ಲಿದೆ. ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2018ರಲ್ಲಿ ಇದನ್ನೂ ಹಳೆಯದನ್ನೂ ಬಳಸಬಾರದೆಂದು ಹೇಳಿದೆ. ಸಾವಿರಾರು ರೂಪಾಯಿ ಕಟ್ಟುವ ಮೊದಲು ತಂದೆತಾಯಿ ಒಂದು ಕೆಲಸ ಮಾಡಬೇಕು: ಸಹಾಯಕರನ್ನು ಹೊರಗೆ ಕಳಿಸಿ ಮಗುವಿಗೆ ಒಂದು ಚಿತ್ರ ತೋರಿಸಿ, ಅದನ್ನು ಎತ್ತಿಟ್ಟು, ಅವರನ್ನು ಒಳಗೆ ಕರೆದು, ಮಗು ಏನು ನೋಡಿತೆಂದು ಬರೆಸಿ. ಒಂದು ಸಲ ಸಾಲದು, ಹಲವು ಸಲ ಮಾಡಿ. ಇದಕ್ಕೆ ಒಪ್ಪದ ಕೇಂದ್ರಕ್ಕೆ ಮಗುವನ್ನು ಸೇರಿಸಬೇಡಿ.